ಅಪ್‌ಡೇಟ್: ಕುಮಟಾ ಕಡೆ ಜಾಗ ನೋಡಿಕೊಂಡು ಬಂದೆವು

ಕಲಬುರಗಿ ಬಿಟ್ಟು ಕರಾವಳಿಯ ಹಳ್ಳಿಯಲ್ಲಿ ನೆಲೆಸಬಹುದಾ ಎಂದು ಬೇಸಿಗೆಯಲ್ಲಿ ಕೇಳಿದ್ದೆ. ಮಳೆಯಲ್ಲೇ ಹೋಗಿ ನೋಡಿ ಎಂದು ಹಲವರು ಹೇಳಿದಿರಿ. ಜುಲೈನಲ್ಲಿ ಕುಮಟಾ, ಹೊನ್ನಾವರ ಸುತ್ತಿ ಬಂದೆವು.

ನಮ್ಮಲ್ಲಿ ವರ್ಷದ ಮಳೆ ಸಾವಿರ ಮಿ.ಮೀ. ಒಳಗೆ. ಅಲ್ಲಿ 3,000ಕ್ಕೂ ಜಾಸ್ತಿ. ಬಟ್ಟೆ ಒಣಗಲ್ಲ. ಅವ್ವ ಕಟ್ಟಿಕೊಟ್ಟ ಜೋಳದ ಹಿಟ್ಟಿಗೂ ಬೂಷ್ಟು ಬಂತು. ಅದೆಲ್ಲ ಇರಲಿ, ನಮ್ಮನ್ನು ಹೆದರಿಸಿದ್ದು ಬಾವಿ!

ಅಘನಾಶಿನಿ ಹೊಳೆಯ ದಡದ ಮನೆಯೊಂದು ಎಲ್ಲರಿಗೂ ಹಿಡಿಸಿತ್ತು. ಪಕ್ಕದ ಮನೆಯ ಅಜ್ಜ, "ನೀರಿನ ರುಚಿ ಈಗ ನೋಡಬೇಡಿ, ಏಪ್ರಿಲ್‌ನಲ್ಲಿ ನೋಡಿ" ಅಂದರು. ಭರತದಲ್ಲಿ, ಅಂದರೆ ಸಮುದ್ರ ಏರಿದಾಗ, ಅದರ ನೀರು ಹೊಳೆಯೊಳಗೆ ಬಹಳ ದೂರ ಬರುತ್ತದೆ. ಬೇಸಿಗೆಯಲ್ಲಿ ಸಿಹಿನೀರಿನ ಹರಿವು ತಗ್ಗಿದಾಗ ದಡದ ಬಾವಿಗಳಿಗೂ ಉಪ್ಪು ಸೇರುತ್ತದಂತೆ. ಅಲ್ಲಿಯ ಗಜನಿ ಗದ್ದೆಗಳಲ್ಲಿ (ಉಪ್ಪುನೀರು ನುಗ್ಗುವ ತಗ್ಗು ಗದ್ದೆಗಳು) ಉಪ್ಪು ತಡೆಯುವ ಕಗ್ಗ ಭತ್ತ ಬೆಳೆಯುವುದು ಸುಮ್ನೆ ಅಲ್ಲ.

ಇನ್ನು ಕಾಗದಪತ್ರ. ಭೂ ಸುಧಾರಣಾ ಕಾಯ್ದೆಯ 2020ರ ತಿದ್ದುಪಡಿಯ ನಂತರ ಕೃಷಿಕರಲ್ಲದವರೂ ಜಮೀನು ಕೊಳ್ಳಬಹುದು, ಸರಿ. ಆದರೆ ದಲ್ಲಾಳಿ ತೋರಿಸಿದ ತೋಟ ಅರಣ್ಯ ಅತಿಕ್ರಮಣದ್ದು. "ಇಲ್ಲೆಲ್ಲ ಹೀಗೇ" ಅಂದ. ಕೈಮುಗಿದು ಬಂದೆವು.

ಸದ್ಯಕ್ಕೆ ಕೊಳ್ಳುವುದಿಲ್ಲ. ಹೊನ್ನಾವರದ ಒಳಗೆ, ಹೊಳೆಯಿಂದ ದೂರದ ಹಳ್ಳಿಯಲ್ಲಿ ಬಾಡಿಗೆ ಮನೆ ಮಾತಾಡಿದ್ದೇವೆ. ಮಗಳ ಪರೀಕ್ಷೆ ಮುಗಿದ ಮೇಲೆ ಹೊರಡುತ್ತೇವೆ. ಆ ಕಡೆ ಒಳ್ಳೆಯ ಬಿಳಿಜೋಳ ಎಲ್ಲಿ ಸಿಗುತ್ತದೆ, ಗೊತ್ತಿದ್ದವರು ಹೇಳಿ.