ಅಪ್‌ಡೇಟ್: ಕೂಗಾಡುತ್ತಿದ್ದ ಆ ರೋಗಿಯ ವಿಚಾರ

ಶಸ್ತ್ರಚಿಕಿತ್ಸೆಯ ಮರುದಿನ ಕೂಗಾಡುತ್ತ ಸೂಜಿ ಕಿತ್ತೆಸೆಯುತ್ತಿದ್ದ ರೋಗಿಯನ್ನು ಹೇಗೆ ನೋಡಿಕೊಳ್ಳಲಿ ಎಂದು ಕೇಳಿದ್ದೆ. ‘ಕೊನೆಯ ಸಲ ಕುಡಿದದ್ದು ಯಾವಾಗ ಎಂದು ವಿಚಾರಿಸಿದಿರಾ?’ ಎಂದು ನಿಮ್ಮಲ್ಲೊಬ್ಬರು ಬರೆದಿದ್ದರು. ವಿಚಾರಿಸಿರಲಿಲ್ಲ, ನಾಚಿಕೆಯಾಯಿತು.

ಅಂದೇ ಕುರ್ಚಿ ಎಳೆದುಕೊಂಡು ಪಕ್ಕದಲ್ಲಿ ಕುಳಿತು ಕೇಳಿದೆ. ಎರಡು ದಿನವಾಯಿತು ಎಂದರು. ಕೈನಡುಕ, ಬೆವರು, ಗೋಡೆಯ ಮೇಲೆ ಇಲ್ಲದ ಇರುವೆಗಳು: ಇದು ಹಟವಲ್ಲ, ಮದ್ಯ ನಿಂತ 48ರಿಂದ 72 ಗಂಟೆಗಳ ಹೊತ್ತಿಗೆ ಹೆಚ್ಚಾಗಿ ಕಾಣಿಸಿಕೊಳ್ಳುವ, ಪ್ರಾಣಕ್ಕೇ ಎರವಾಗಬಲ್ಲ ಸನ್ನಿ. ವೈದ್ಯರು ತಕ್ಷಣ ಬಂದರು. ನಡುಕ, ತಳಮಳ ತಗ್ಗಿಸುವ ಲೊರಾಜೆಪಾಮ್, ಜೊತೆಗೆ ಥಯಾಮಿನ್ (ವಿಟಮಿನ್ ಬಿ1) ಶುರುವಾದವು.

ಪಾಳಿ ಒಪ್ಪಿಸುವಾಗ ‘ಆ ಕುಡುಕ’ ಎನ್ನುವುದನ್ನು ನಾನು ಬಿಟ್ಟಿದ್ದೇನೆ. ಹಿರಿಯ ಸಹೋದ್ಯೋಗಿಯೊಬ್ಬರು ಇನ್ನೂ ಬಿಟ್ಟಿಲ್ಲ, ಆ ಜಗಳ ಬೇರೆ. ನಿನ್ನೆ ರೋಗಿ ಹೆದರುತ್ತಲೇ ನೋವಿನ ಮಾತ್ರೆ ಕೇಳಿದರು. ವೈದ್ಯರು ಬರೆದಿದ್ದ ಪ್ರಮಾಣದಲ್ಲಿ, ಅನುಮಾನದ ನೋಟವಿಲ್ಲದೆ ಕೊಟ್ಟೆ.