ರಕ್ತ ಕಂಡ್ರೆ ಆಗಲ್ಲ, ಆದ್ರೂ ಪೀಕಿ ಬ್ಲೈಂಡರ್ಸ್ ಬಿಡಕ್ಕಾಗ್ತಿಲ್ಲ

ಮೂಡಿಗೆರೆ ಸೊಸೆ:
ಮಳೆಗಾಲದಲ್ಲಿ ಕರೆಂಟ್ ಹೋದ್ರೆ ಎರಡು ದಿನ ನಾಪತ್ತೆ. ಬಂದ ತಕ್ಷಣ ನಾನು ಕೂರೋದು ಟಿವಿ ಮುಂದೆ, ಇಂಗ್ಲೆಂಡಿನ ಒಂದು ರೌಡಿ ಗ್ಯಾಂಗಿನ ಕಥೆ ಇರೋ ಈ ಸೀರಿಯಲ್ ನೋಡೋಕೆ. 1919ರ ಬರ್ಮಿಂಗ್‌ಹ್ಯಾಮ್, ಹೊಗೆ, ಕೆಸರು, ಕುದುರೆ, ಆ ಉದ್ದ ಕೋಟು! ಮನೇಲಿ ಕೋಳಿ ಕುಯ್ಯೋವಾಗ ಹಿತ್ತಲ ಕಡೆ ತಲೆ ಹಾಕದ ನಾನು, ಟೋಪಿ ಅಂಚಿನ ಬ್ಲೇಡಲ್ಲಿ ಮುಖ ಸೀಳೋದನ್ನ ರೊಟ್ಟಿ ಮುರೀತಾ ನೋಡ್ತೀನಿ. ನಿನ್ನೆ ಅತ್ತೆ ಬಾಗಿಲಲ್ಲಿ ನಿಂತು "ಇದೇನೇ, ಕಸಾಯಿಖಾನೆ?" ಅಂದ್ರು. ನನಗೇನಾದ್ರೂ ಆಗಿದ್ಯಾ?

ಹಾಸನದ ಮೇಷ್ಟ್ರು:
ಏನೂ ಆಗಿಲ್ಲಮ್ಮ. ಆದ್ರೆ ಬ್ಲೇಡ್ ಕಥೆ ನಂಬಬೇಡಿ. ನಿಜವಾದ ಗ್ಯಾಂಗ್ 1890ರ ದಶಕದ್ದು, ಬಳಸಿ ಬಿಸಾಡೋ ಬ್ಲೇಡ್ ಅಂಗಡಿಗೆ ಬಂದಿದ್ದೇ 1903ರಲ್ಲಿ. ಅವರ ಆಯುಧ ಬೆಲ್ಟು, ಬೂಟು.

ಕೊಪ್ಪದ ಭಟ್ಟ:
ಎಲ್ಲಾ ಕೋಟಿನ ಮಹಿಮೆ ಮಾರಾಯ್ರೆ. ಅದೇ ಕೊಲೆ ಜೀನ್ಸ್ ಹಾಕ್ಕೊಂಡವನು ಚಿಕ್ಕಮಗಳೂರು ಬಸ್‌ಸ್ಟ್ಯಾಂಡಲ್ಲಿ ಮಾಡಿದ್ರೆ ನೀವು ರೊಟ್ಟಿ ಮುರೀತಿರ್ಲಿಲ್ಲ.

ಮೂಡಿಗೆರೆ ಸೊಸೆ:
ಭಟ್ರೇ, ಕೋಟು ಅರ್ಧ ನಿಜ. ಇನ್ನರ್ಧ ಆ ಗ್ಯಾಂಗಿನ ಲೀಡರ್ ಟಾಮಿ. ಯುದ್ಧದಲ್ಲಿ ನೆಲದಡಿ ಸುರಂಗ ತೋಡಿ ಬಂದವನು. ರಾತ್ರಿಯಾದ್ರೆ ಗೋಡೆಯಾಚೆ ಗುದ್ದಲಿ ಸದ್ದು ಕೇಳುತ್ತೆ ಅವನಿಗೆ. ಹೊಡೆದಾಟಕ್ಕಿಂತ ಅದೇ ನನಗೆ ಹೆದರಿಕೆ. (ಮೇಷ್ಟ್ರೇ, ಬ್ಲೇಡ್ ಸುಳ್ಳು ಅಂತ ಹೇಳಿ ಮಜಾ ಹಾಳ್ಮಾಡಿದ್ರಿ.)

ಅಂದಹಾಗೆ ಅತ್ತೆ ಇವತ್ತು ಕಾಫಿ ಲೋಟ ಹಿಡ್ಕೊಂಡು ಬಂದು ಪಕ್ಕದಲ್ಲೇ ಕೂತ್ರು. "ಆ ಬಿಳಿ ಕುದುರೆ ಏನಾಯ್ತೇ?" ಅಂತ ಕೇಳಿದ್ರು. ಟಾಮಿನೇ ಗುಂಡು ಹೊಡೆದು ಕೊಂದ ಅನ್ನೋಕೆ ಬಾಯಿ ಬರಲಿಲ್ಲ.