ವ್ಯಾಜ, ವದಂತಿ, ಹಳಸಿದ ಸುದ್ದಿ: ಯಾವುದು ಸರಿ?

ಎಲ್ಲರಿಗೂ ನಮಸ್ಕಾರ, ಕಾಸರಗೋಡು ಜಿಲ್ಲೆಯ ಬದಿಯಡ್ಕ ಕಡೆಯಿಂದ ಬರೀತಾ ಇದ್ದೇನೆ. ಇಲ್ಲಿ ಫೇಕ್ ನ್ಯೂಸಿಗೆ ಮಲಯಾಳದಲ್ಲಿ ವ್ಯಾಜವಾರ್ತ ಅಂತಾರೆ, ಕೇಳಿ ಕೇಳಿ ನಾವೂ ಕನ್ನಡ ಮಾತಾಡುವಾಗ "ಅದು ವ್ಯಾಜ ಮಾರಾಯ" ಅಂತೇವೆ. ವಾರ್ಡಿನ ವಾಟ್ಸಾಪ್ ಗ್ರೂಪಲ್ಲಿ ಯಾರೋ "ವ್ಯಾಜ ಸುದ್ದಿ ಹಂಚಬೇಡಿ" ಅಂತ ಹಾಕಿದ್ದನ್ನ ಪುತ್ತೂರಿಂದ ಬಂದಿದ್ದ ಸೋದರಮಾವ ಓದಿ, "ಯಾರ ಜಾಗೆಯ ವ್ಯಾಜ್ಯ ಇದು?" ಅಂತ ಕೇಳಿದ್ರು!

ಹಾಗಂತ ವ್ಯಾಜ ನಮಗೆ ಹೊಸತೇನಲ್ಲ, ಸಂಸ್ಕೃತದ್ದು, ನೆಪ, ಕಪಟ ಅಂತ ಅರ್ಥ, ನಿರ್ವ್ಯಾಜ ಪ್ರೀತಿ ಅಂತೇವಲ್ಲ, ಶಾಲೆಲಿ ವ್ಯಾಜಸ್ತುತಿ ಅಲಂಕಾರ ಬಾಯಿಪಾಠ ಮಾಡಿದ್ದೂ ಉಂಟು. ಮಲಯಾಳದಲ್ಲಿ ಅದು ವ್ಯಾಜಮದ್ಯಕ್ಕೂ ಆಗ್ತದೆ, ನಮಗೆ ಅಲ್ಲಿ ಕಳ್ಳಭಟ್ಟಿ ಬೇಕು. ನನ್ನ ತಕರಾರು ಆ ಕಪಟ ಅನ್ನುವ ಅರ್ಥದ್ದು, ಗೊತ್ತಿಲ್ಲದೆ ಹಂಚಿದ್ದಕ್ಕೆ ಅದು ಹೊಂದೂದಿಲ್ಲ.

ನಡೆದದ್ದು ಇಷ್ಟು. ಗ್ರಾಮಸಭೆಯ ದಿನ ಬೆಳಿಗ್ಗೆ "ಮಳೆಯ ಕಾರಣ ಇಂದಿನ ಗ್ರಾಮಸಭೆ ಮುಂದೂಡಲಾಗಿದೆ" ಅಂತ ಮೆಸೇಜು. ಹಾಕಿದ್ದು ನಮ್ಮ ಭಾವನೇ. ಅದು ಹೋದ ವರ್ಷದ್ದು, ಆಗ ನಿಜವೇ, ಆದ್ರೆ ತಾರೀಕು ಇರ್ಲಿಲ್ಲ, ಯಾರೋ ಕಳಿಸಿದ್ದನ್ನ ಇವರು ಕಾಪಿ ಮಾಡಿ ಹಾಕಿದ್ದು, ಹಾಗಾಗಿ ಫಾರ್ವರ್ಡಿನ ಬಾಣದ ಗುರುತೂ ಇಲ್ಲ. ಕೇರಳದಲ್ಲಿ ಗ್ರಾಮಸಭೆ ವಾರ್ಡಿಗೊಂದು, ಮತದಾರರಲ್ಲಿ ನೂರಕ್ಕೆ 10 ಜನ ಬರ್ಬೇಕು ಕೋರಂಗೆ, ಅಂದ್ರೆ ಸಭೆ ನಡೀಲಿಕ್ಕೆ ಬೇಕಾದ ಕನಿಷ್ಠ ಹಾಜರಿಗೆ. ನಾನು ಹೋಗಿ ನೋಡಿದ್ರೆ ಬೆಂಚಲ್ಲಿ ಹನ್ನೊಂದು ಜನ, ಖಾಲಿ ಸಹಿ ಪುಸ್ತಕ, ತಣಿದ ಚಾ. ನಮ್ಮ ದಾರಿದೀಪದ ಅರ್ಜಿ ಕಿಸೆಯಲ್ಲೇ ವಾಪಸ್ ಬಂತು.

ಈಗ ಭಾವ ಮಾಡಿದ್ದಕ್ಕೆ ಎಂತ ಹೇಳುದು? ಸುಳ್ಳುಸುದ್ದಿ ಹಬ್ಬಿಸಿದ್ರು ಅಂದ್ರೆ ಅನ್ಯಾಯ, ಅವರಿಗೆ ಗೊತ್ತೇ ಇರ್ಲಿಲ್ಲ. ವದಂತಿ, ಗಾಳಿಸುದ್ದಿ ಅಂದ್ರೆ ಮೂಲ ಇಲ್ಲದ್ದು, ಇದಕ್ಕೆ ಮೂಲ ಉಂಟು. ತಪ್ಪು ಮಾಹಿತಿ ಅಂದ್ರೆ ಫಾರಂ ತುಂಬಿಸುವಾಗ ವಯಸ್ಸು ತಪ್ಪಿ ಬರೆದ ಹಾಗೆ ಕೇಳ್ತದೆ ನನಗೆ. ಇಂಗ್ಲಿಷಲ್ಲಿ ಗೊತ್ತಿಲ್ಲದೆ ಹಂಚಿದ್ರೆ ಮಿಸ್‌ಇನ್ಫರ್ಮೇಶನ್, ಬೇಕಂತ ಮಾಡಿದ್ರೆ ಡಿಸ್‌ಇನ್ಫರ್ಮೇಶನ್ ಅಂತ ಬೇರೆ ಮಾಡ್ತಾರೆ, ಆದ್ರೆ ನಿನ್ನೆ ನಿಜವಾಗಿದ್ದು ಇವತ್ತು ಸುಳ್ಳಾದದ್ದು ಅಲ್ಲೂ ಬೇರೆ ತೋರೂದಿಲ್ಲ.

ಅತ್ತೆ ಮಾತ್ರ ಅಕ್ಕಿ ಆರಿಸ್ತಾ "ಅದು ಹಳಸಿದ ಸುದ್ದಿ" ಅಂದ್ರು. ಭಾರೀ ಲಾಯಕ್ಕಾಯ್ತು ನನಗೆ, ನಿನ್ನೆ ಉಣ್ಣಬಹುದಿತ್ತು, ಇವತ್ತು ಉಂಡ್ರೆ ಹೊಟ್ಟೆ ಕೆಡ್ತದೆ. ಹಳಸುದ್ದಿ ಅಂತ ಸೇರಿಸಿದ್ರೆ ಹಳಗನ್ನಡದ ಹಾಗೆ ಬರೀ ಹಳೇ ಸುದ್ದಿ ಅಂತ ಆಗಿಬಿಡ್ತದಾ? ಸೊಲ್ಲಾಪುರ, ಹೊಸೂರು ಕಡೆಯವರು ಇದಕ್ಕೆ ಬೇರೆ ಎಂತಾದ್ರೂ ಹೇಳ್ತೀರಾ? ಸ್ವಲ್ಪ ಬೇಗ ತಿಳಿಸಿ, ಭಾವ ಗ್ರೂಪಲ್ಲಿ ಹಾಕ್ಲಿಕ್ಕೆ ತಪ್ಪೊಪ್ಪಿಗೆ ಬರೀತಾ ಆ ಒಂದು ಪದಕ್ಕೆ ನಿಂತಿದ್ದಾರೆ.